ಪೀರಪ್ಪನ ಎಣ್ಣೆಡಬ್ಬಿ

ಆಳಂದ ಬಸ್ ಸ್ಟ್ಯಾಂಡಿನ ಎದುರಿನ ಟೇಲರ್ ಪೀರಪ್ಪನಿಗೆ ಊರಿನವರೆಲ್ಲರ ಮೇಲೂ ನಂಬಿಕೆಯಿದೆ, ತನ್ನ ಎಡಗಾಲಿನ ಕ್ಯಾಲಿಪರ್ ಮೇಲೆ ಮಾತ್ರ ಇಲ್ಲ. ಪೋಲಿಯೊ ತಿಂದ ಕಾಲಿಗೆ ಗುಲ್ಬರ್ಗಾದ ಶಿಬಿರವೊಂದರಲ್ಲಿ ಕಟ್ಟಿಕೊಟ್ಟ ಆ ಕಬ್ಬಿಣದ ಸರಳು, ಚರ್ಮದ ಪಟ್ಟಿ ಹದಿನಾರು ವರ್ಷಗಳಲ್ಲಿ ಅವನನ್ನು ಒಮ್ಮೆಯೂ ಕೆಡವಿಲ್ಲ; ಅದಕ್ಕೇ ಇವತ್ತು ಕೆಡವೀತೆಂದು ದಿನಾ ಬೆಳಿಗ್ಗೆ ಅವನಿಗೆ ಅನಿಸುತ್ತದೆ. ಕಿಸೆಯಲ್ಲಿ ಸದಾ ಸ್ಕ್ರೂಡ್ರೈವರ್ ಇರುತ್ತದೆ; ಹೊಲಿಗೆ ಮಷೀನಿನ ಎಣ್ಣೆ ಮೊದಲು ಬೀಳುವುದು ಸರಳಿನ ಮೊಣಕಾಲ ಕೀಲಿಗೆ, ಉಳಿದರೆ ಮಷೀನಿಗೆ. ಗಿರಾಕಿಯ ಎದೆಗೆ ಟೇಪು ಸುತ್ತಿ, "ಈಗ ಕಿರ್ ಅಂತ ಸಪ್ಪಳ ಬಂತೇನ್ರಿ?" ಎಂದು ಕೇಳುತ್ತಾನೆ. "ಇಲ್ರಿ ಟೇಲರ್ ಸಾಬ್, ನನ್ನ ಎದಿ ಎಷ್ಟ ಇಂಚು ಅಂತ ಮೊದಲ ಬರ್ಕೋರಿ" ಎನ್ನುತ್ತಾನೆ ಗಿರಾಕಿ. ಮದುವೆಗೆ ಹೋದರೂ ಕಂಬದ ಮರೆಗೆ ಸರಿದು ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟುಕೊಂಡೇ ಮುಂದೆ ಬರುತ್ತಾನೆ. ಅವನೆಸೆದ ಅಕ್ಷತೆಗೆಲ್ಲ ಮಷೀನೆಣ್ಣೆಯ ವಾಸನೆ. ಇಷ್ಟಾದರೂ ಪಾದದ ಬಳಿಯ ಕೀಲಿಗೆ ಮಾತ್ರ ಅವನು ಎಣ್ಣೆ ಮುಟ್ಟಿಸುವುದಿಲ್ಲ. ಒಮ್ಮೆ ಅದಕ್ಕೂ ಬಿಟ್ಟುಕೊಂಡು ಸದ್ದಿಲ್ಲದೆ ಮನೆಗೆ ಹೋದಾಗ, ಕಣ್ಣು ಹೋದ ಅವ್ವ ಮಾಣಿಕಮ್ಮ ಹೊಸ್ತಿಲಲ್ಲಿ ನಿಂತ ಮಗನಿಗೇ, "ಯಾರ್ರಿ ಅವ್ರು? ನನ್ನ ಮಗ ಇನ್ನೂ ಬಂದಿಲ್ರಿ" ಎಂದಿದ್ದಳು. ಅಂದಿನಿಂದ ದಿನಾ ಸಂಜೆ ಓಣಿಯ ತಿರುವಿನಲ್ಲಿ ಕಾಲನ್ನು ಒತ್ತಿ ಊರಿ, ಕೀಲು ಕಿರ್ರೆನ್ನುತ್ತದೋ ಇಲ್ಲವೋ ಎಂದು ಕಿವಿಗೊಡುತ್ತಾನೆ. ಕೀಲು ಸವೆದು ಸಪ್ಪಳ ಸಣ್ಣಗಾಗುತ್ತಿದೆ. ಈಚೆಗೆ ಅದರ ಮೇಲೆ ನೀರು ಚಿಮುಕಿಸಿ, ತುಕ್ಕು ಹಿಡಿಯಲೆಂದು ಕಾಯುತ್ತಿದ್ದಾನೆ.