ಕುಡಿಯದ ಜೋತಮ್ ಪರ್ಲಿಯ ಉದ್ಧಾರ

ಜೋತಮ್ ಪರ್ಲಿ ತನ್ನ ಮೂವತ್ತೆಂಟು ವರ್ಷಗಳ ಆಯುಷ್ಯದಲ್ಲಿ ಒಂದು ಹನಿ ರಮ್ಮನ್ನೂ ಹೊಟ್ಟೆಯಲ್ಲಿ ಉಳಿಸಿಕೊಂಡವನಲ್ಲ. ಅದರಲ್ಲಿ ಅವನ ಹೆಗ್ಗಳಿಕೆಯೇನೂ ಇರಲಿಲ್ಲ. ಏಳನೆಯ ವಯಸ್ಸಿನಲ್ಲಿ, ವರ್ಮಾಂಟಿನ ಅಜ್ಜನ ತೋಟದಲ್ಲಿ, ಹುಳಿ ಬಂದ ಸೇಬಿನ ರಸವನ್ನು ಒಂದು ಬಟ್ಟಲು ಕುಡಿದು, ಮೈತುಂಬ ದದ್ದು ಎದ್ದು ಎರಡು ದಿನ ಮಲಗಿದ್ದ. ಅಂದಿನಿಂದ ಹೆಂಡದ ವಾಸನೆ ಮೂಗಿಗೆ ಬಡಿದರೆ ಸಾಕು, ಕರುಳು ಬಾಯಿಗೆ ಬರುತ್ತಿತ್ತು. ಬೇರೆ ಊರಾಗಿದ್ದರೆ ಇದನ್ನು ಸದ್ಗುಣವೆಂದು ಎಣಿಸುತ್ತಿದ್ದರೋ ಏನೋ. ಅವನು ದುಡಿಯುತ್ತಿದ್ದ ಹತ್ತಿ ಗಿರಣಿಯ ಊರಾದ ಆಲ್ಡರ್ ಫಾಲ್ಸ್‌ನಲ್ಲಿ, 1843ರ ಜನವರಿಯ ಹೊತ್ತಿಗೆ, ಅದೊಂದು ಅಂಗವೈಕಲ್ಯವಾಗಿತ್ತು.

ಕಾರಣ, ಗಿರಣಿಯ ಧಣಿ ಥರ್ಸ್ಟನ್ನರ ಮೃದು ಹೃದಯ. ಎರಡು ವರ್ಷದ ಹಿಂದೆ ಊರಿನ ಮದ್ಯವರ್ಜನ ಸಂಘದವರು ಬಾಸ್ಟನ್ನಿನಿಂದ ಕುಡಿತ ಬಿಟ್ಟವನೊಬ್ಬನನ್ನು ಕರೆಸಿ ಮಾತನಾಡಿಸಿದ್ದರು. ಮನೆ, ಹೊಲ, ಹೆಂಡತಿಯ ಹೊದಿಕೆ, ಕೊನೆಗೆ ಒಲೆಯ ಬಾಗಿಲನ್ನೂ ಕುಡಿದು ತೀರಿಸಿ, ಹಂದಿಗೂಡಿನಲ್ಲಿ ಮಲಗಿದ್ದಾಗ ಕಣ್ತೆರೆದ ಆ ಮನುಷ್ಯನ ಕಥೆ ಕೇಳಿ ಥರ್ಸ್ಟನ್ನರು ಎರಡು ಕರವಸ್ತ್ರ ತೋಯಿಸಿದರು. ಮರುದಿನವೇ ಗಿರಣಿಯ ಬಾಗಿಲಲ್ಲಿ ನೋಟೀಸು ಕಾಣಿಸಿತು: ಇನ್ನು ಮುಂದೆ ಮೇಲ್ವಿಚಾರಕರ ಕೆಲಸಕ್ಕೆ ಕುಡಿತ ಬಿಟ್ಟವರಿಗೇ ಆದ್ಯತೆ. ಕೇಳಿದವರಿಗೆ ಅವರು ತಮ್ಮ ತರ್ಕವನ್ನು ಸಾವಧಾನದಿಂದ ವಿವರಿಸುತ್ತಿದ್ದರು. "ಬೀಳದೇ ಇದ್ದೋನು ನಾಳೆ ಬೀಳಲ್ಲ ಅನ್ನೋಕೆ ಏನಯ್ಯಾ ಖಾತರಿ? ಬಿದ್ದು ಎದ್ದೋನು ಪರೀಕ್ಷೆ ಆದ ಮಾಲು."

ಜನ ದಡ್ಡರಲ್ಲ. ಬಿಡಬೇಕಾದರೆ ಮೊದಲು ಹಿಡಿಯಬೇಕಷ್ಟೆ. ಆ ವಸಂತದಲ್ಲಿ ನದಿದಂಡೆಯ ಪಡಖಾನೆಯಲ್ಲಿ ಕೂರಲು ಜಾಗ ಸಾಲದೆ ಗಿರಾಕಿಗಳು ಹೊರಗೆ ಕೆಸರಿನಲ್ಲಿ ನಿಂತರು. ಅದುವರೆಗೆ ಒಂದು ಭಾನುವಾರವೂ ಪ್ರಾರ್ಥನೆ ತಪ್ಪಿಸದಿದ್ದ ನೂಲುಗಾರರು, ಬಡಗಿಗಳು, ಚಕ್ರಕ್ಕೆ ಎಣ್ಣೆ ಬಿಡುವವರು ಅವಸರದಿಂದ ಕುಡುಕರಾಗಿ ಅಷ್ಟೇ ಅವಸರದಿಂದ ಉದ್ಧಾರವಾದರು. ಕೆಲವರು ಹೆಚ್ಚಿನ ಭದ್ರತೆಗೆಂದು ಎರಡೆರಡು ಸಲ ಆದರು. ವರ್ಷದ ಕೊನೆಯ ವರದಿಯ ಪ್ರಕಾರ ಊರಿನಲ್ಲಿ ಉದ್ಧಾರವಾದ ಗಂಡಸರ ಸಂಖ್ಯೆ ಊರಿನಲ್ಲಿದ್ದ ಗಂಡಸರ ಸಂಖ್ಯೆಗಿಂತ ನಲವತ್ತೊಂದು ಹೆಚ್ಚಿತ್ತು. ಸಂಘದ ಕಾರ್ಯದರ್ಶಿ ಲೆವೆಟ್ ಅದನ್ನು ಚಪ್ಪಾಳೆಯ ನಡುವೆ ಓದಿದರು.

ಜೋತಮ್ ಈ ಗದ್ದಲದಿಂದ ದೂರವೇ ಉಳಿದಿದ್ದ. ಅವನು ಮಗ್ಗ ರಿಪೇರಿಯವನು. ನಾನೂರು ಮಗ್ಗಗಳ ಸದ್ದಿನ ನಡುವೆ ನಿಂತು, ಯಾವುದರ ಯಾವ ಹಲ್ಲು ಸವೆದಿದೆಯೆಂದು ಕಿವಿಯಿಂದಲೇ ಹೇಳಬಲ್ಲವನು. ಅವನಿಗೆ ಬಡ್ತಿಯ ಆಸೆಯಿರಲಿಲ್ಲ. ಇದ್ದದ್ದು ಹೆಂಡತಿಯ ಚಿಂತೆ. ಡಾರ್ಕಸ್ ಮೂರು ವರ್ಷದಿಂದ ಹತ್ತಿ ಹಿಂಜುವ ಕೋಣೆಯಲ್ಲಿದ್ದಳು. ಗಾಳಿಗೆ ಹತ್ತಿ ಹಾರುತ್ತದೆಂದು ಅಲ್ಲಿಯ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಮೊದಲ ವರ್ಷ ಅವಳಿಗೆ ಸೋಮವಾರಗಳಲ್ಲಿ ಮಾತ್ರ ಕೆಮ್ಮಿತ್ತು. ಎರಡನೆಯ ವರ್ಷ ಶನಿವಾರದವರೆಗೂ ಹಬ್ಬಿತು. ಈಗ ಅವಳು ಬೆಳಗಿನ ರೊಟ್ಟಿಗೆ ಕೂತು ಒಂದು ಮಾತನ್ನು ಶುರುಮಾಡಿದರೆ ಅದನ್ನು ಮುಗಿಸಲು ಆಗುತ್ತಿರಲಿಲ್ಲ. ವೈದ್ಯರು ಜೋತಮನನ್ನು ಬಾಗಿಲಾಚೆ ಕರೆದು, "ಆ ಕೋಣೆ ಬಿಡ್ಸು. ಇನ್ನೊಂದು ಚಳಿಗಾಲ ಅಲ್ಲಿದ್ರೆ ನನ್ನನ್ನ ಕರೀಬೇಡ, ಶವಪೆಟ್ಟಿಗೆ ಮಾಡೋ ಬಡಗಿಯನ್ನ ಕರಿ" ಎಂದಿದ್ದರು.

ಬಿಡಿಸುವುದು ಹೇಗೆ? ಗಿರಣಿಯ ಮನೆಯಲ್ಲಿ ಇರಬೇಕಾದರೆ ಮನೆಗಿಬ್ಬರು ಗಿರಣಿಯಲ್ಲಿ ದುಡಿಯಬೇಕೆಂಬ ಕಟ್ಟಳೆಯಿತ್ತು. ಮೇಲ್ವಿಚಾರಕನಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. ಅವನಿಗೆ ಗುಡ್ಡದ ಮೇಲೆ ಪ್ರತ್ಯೇಕ ಮನೆ. ಅವನ ಹೆಂಡತಿ ಗಿರಣಿಯ ಮೆಟ್ಟಿಲು ಹತ್ತುವುದು ಧಣಿಗಳ ಘನತೆಗೆ ಕುಂದು. ಆ ಜನವರಿಯಲ್ಲಿ ನೇಯ್ಗೆ ಕೋಣೆಯ ಮೇಲ್ವಿಚಾರಕ ಸಂಸಾರಸಮೇತ ಒಹಾಯೋಗೆ ಹೊರಟುಹೋದ. ಜೋತಮ್ ಭಾನುವಾರದ ಕೋಟು ತೊಟ್ಟು ಥರ್ಸ್ಟನ್ನರ ಮುಂದೆ ನಿಂತ.

"ಕೂತ್ಕೋಪ್ಪ ಪರ್ಲಿ. ಕೆಲಸ ನಿನ್ನಷ್ಟು ಬಲ್ಲೋರು ಯಾರಿದ್ದಾರೆ? ಹೇಳು, ಎಷ್ಟು ವರ್ಷ ಕುಡಿದೆ?"

"ಕುಡಿದೇ ಇಲ್ಲ, ಧಣಿ."

ಥರ್ಸ್ಟನ್ನರ ಮುಖ ಸಣ್ಣಗಾಯಿತು. "ನಿಮ್ಮಪ್ಪ?"

"ಅವರೂ ಇಲ್ಲ."

"ಯಾರಾದ್ರೂ ಚಿಕ್ಕಪ್ಪ? ಒಬ್ಬನಾದ್ರೂ?"

"ಒಬ್ಬರೇ ಇದ್ದಿದ್ದು. ಅವರು ಬ್ಯಾಪ್ಟಿಸ್ಟ್ ಬೋಧಕರು."

"ಛೆ, ಛೆ," ಎಂದರು ಥರ್ಸ್ಟನ್ನರು, ನಿಜವಾದ ಮರುಕದಿಂದ. "ಇನ್ನೂ ವಯಸ್ಸಿದೆ, ಪರ್ಲಿ. ಎದೆಗುಂದಬೇಡ. ಎರಡು ವಾರ ಕಾಯ್ತೀನಿ."

ಅದೇ ಸಂಜೆ ಜೋತಮ್ ಪಡಖಾನೆಗೆ ಹೋದ. ಮೊದಲ ಗುಟುಕು ಗಂಟಲಿಗಿಳಿಯುವ ಮೊದಲೇ ಎದುರಿಗಿದ್ದ ಉಪ್ಪುಮೀನಿನ ತಟ್ಟೆಯ ಮೇಲೂ ಅದರ ಒಡೆಯನ ಮೇಲೂ ವಾಂತಿ ಮಾಡಿದ. ಎರಡನೆಯ ದಿನ ಹೊಸ್ತಿಲಲ್ಲೇ ಮಾಡಿದ. ಮೂರನೆಯ ದಿನ ಪಡಖಾನೆಯವನು ಬಾಗಿಲಿಗೆ ಅಡ್ಡ ನಿಂತ. "ಸ್ವಾಮಿ, ಇದು ಮರ್ಯಾದಸ್ಥರು ಬಂದುಹೋಗೋ ಜಾಗ. ನೀವು ಇನ್ನು ಈ ಕಡೆ ಬರಕೂಡ್ದು." ಕುಡಿಯಲಾರದ ತಪ್ಪಿಗೆ ಪಡಖಾನೆಯಿಂದ ಹೊರಹಾಕಿಸಿಕೊಂಡವನು ಆ ಕಣಿವೆಯಲ್ಲಿ ಅವನೊಬ್ಬನೇ.

ಆಗ ನೆರವಿಗೆ ಬಂದವನು ಸೈಲಸ್ ಹಾಬ್ಸ್. ನೂಲುವ ಕೋಣೆಯ ಮೇಲ್ವಿಚಾರಕ, ಜೋತಮನ ಹಳೆಯ ಗೆಳೆಯ, ಮತ್ತು ಆ ಊರಿನ ಉದ್ಧಾರವಾದವರಲ್ಲಿ ನೋಟೀಸಿಗಿಂತ ಮೊದಲೇ ಕುಡಿದಿದ್ದ ಕೆಲವೇ ಪ್ರಾಮಾಣಿಕರಲ್ಲಿ ಒಬ್ಬ.

"ಲೋ ಜೋತಮ್, ಕುಡಿಯೋದು ಯಾಕೋ? ಕುಡಿದಿದ್ದೆ ಅಂದ್ರೆ ಸಾಕಲ್ಲ. ಮಂಗಳವಾರ ಸಂಘದ ಸಭೇಲಿ ನಿಂತು ಹೇಳು. ಧಣಿ ಹತ್ರ ಇಲ್ಲ ಅಂದಿದ್ದು ನಾಚಿಕೆಗೆ ಅಂದ್ಕೋತಾರೆ. ನಂದು ಏಳು ವರ್ಷದ ಕುಡಿತ ಇದೆ, ಅದ್ರಲ್ಲಿ ಮೂರು ವರ್ಷ ನೀನು ತಗೋ."

"ನಿಂಗೆ ಬೇಡ್ವಾ?"

"ಆ ಮೂರು ವರ್ಷ ನಂಗೆ ನೆನಪೇ ಇಲ್ಲ ಕಣೋ. ಇಟ್ಕೊಂಡು ಏನ್ಮಾಡ್ಲಿ?"

ಡಾರ್ಕಸ್ ಈ ಏರ್ಪಾಡನ್ನು ಕೇಳಿ ಬಹಳ ಹೊತ್ತು ಕೆಮ್ಮಿದಳು. ಅದರಲ್ಲಿ ನಗು ಎಷ್ಟು, ಕೆಮ್ಮು ಎಷ್ಟು ಎಂದು ಜೋತಮನಿಗೆ ತಿಳಿಯಲಿಲ್ಲ.

"ಏನ್ ಬೇಕಾದ್ರೂ ಹೇಳ್ಕೊಳ್ರೀ," ಎಂದಳು, ಉಸಿರು ಸಿಕ್ಕಮೇಲೆ. "ನನ್ನನ್ನ ಹೊಡೆದೆ ಅಂತ ಮಾತ್ರ ಹೇಳ್ಬೇಡಿ. ಹೊಡೆದ್ರೆ ಹೊಡೆಸ್ಕೊಂಡು ಕೂತಿದ್ಲು ಅಂತ ಊರು ತಿಳ್ಕೊಳತ್ತೆ. ನಮ್ಮಮ್ಮ ಅಂಥ ಮಗಳನ್ನ ಹೆತ್ತಿಲ್ಲ."

ಜೋತಮ್ ಮಾತು ಕೊಟ್ಟ.

ಮಂಗಳವಾರ ಸಂಜೆ ಸಭಾಮಂದಿರ ತುಂಬಿತ್ತು. ಥರ್ಸ್ಟನ್ನರು ಮೊದಲ ಸಾಲಿನಲ್ಲಿ, ಹೊಸ ಕರವಸ್ತ್ರಗಳೊಂದಿಗೆ. ಡಾರ್ಕಸ್ ಮೂರನೆಯ ಸಾಲಿನಲ್ಲಿ. ಜೋತಮ್ ವೇದಿಕೆ ಹತ್ತಿ, ಮಗ್ಗದ ದೋಷವನ್ನು ವರದಿ ಮಾಡುವ ಧಾಟಿಯಲ್ಲಿ ತನ್ನ ಪತನವನ್ನು ಒಪ್ಪಿಸಿದ.

"ನಾನು 1836ರ ಅಕ್ಟೋಬರಿಂದ 1839ರ ಅಕ್ಟೋಬರ್‌ವರೆಗೆ ಕುಡೀತಿದ್ದೆ. ದಿನಕ್ಕೆ ಒಂದೂವರೆ ಪಾವು. ಭಾನುವಾರ ಬಿಟ್ಟು."

ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಕಾರ್ಯದರ್ಶಿ ಲೆವೆಟ್ ಮೆಲ್ಲಗೆ ಪ್ರೋತ್ಸಾಹಿಸಿದರು. "ಮನೇಲಿ ಏನಾದ್ರೂ ಒಡೆದಿರಬೇಕಲ್ಲಪ್ಪ?"

"ಒಂದು ಕುರ್ಚಿ ಮುರಿದೆ."

"ಆಹಾ! ಆಮೇಲೆ?"

"ಆಮೇಲೆ ಸರಿ ಮಾಡ್ದೆ. ಈಗ ಮೊದಲಿಗಿಂತ ಗಟ್ಟಿಯಾಗಿದೆ."

ಸಭೆಯಲ್ಲಿ ಗೊಣಗಾಟ ಎದ್ದಿತು. ಥರ್ಸ್ಟನ್ನರ ಕರವಸ್ತ್ರ ಮಡಿಕೆ ಬಿಚ್ಚದೆ ತೊಡೆಯ ಮೇಲೇ ಇತ್ತು. ಗುಡ್ಡದ ಮೇಲಿನ ಮನೆ ಒಂದೊಂದೇ ಮೆಟ್ಟಿಲು ಹಿಂದೆ ಸರಿಯುತ್ತಿರುವುದು ಜೋತಮನಿಗೆ ಕಾಣುತ್ತಿತ್ತು.

"ಅದಿರಲಿ," ಎಂದರು ಲೆವೆಟ್. "ಕೈಹಿಡಿದ ಆ ಸಾಧ್ವಿಗೆ ಏನ್ಮಾಡ್ದೆ? ಅದನ್ನ ಹೇಳು."

ಜೋತಮ್ ಡಾರ್ಕಸಳನ್ನು ನೋಡಿದ. ಒಂದೇ ಒಂದು ಏಟು ಸಾಕಾಗಿತ್ತು, ಬಾಯಿಮಾತಿನ ಏಟು. ಅದನ್ನು ಹೇಳಿದರೆ ಅವಳ ಶ್ವಾಸಕೋಶ ಉಳಿಯುತ್ತಿತ್ತು. ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ. ತಲೆ ತಗ್ಗಿಸಿ ಸುಮ್ಮನೆ ನಿಂತುಬಿಟ್ಟ.

ಆ ಮೌನ ಬೆಳೆಯಿತು. ಎಡಬದಿಯಲ್ಲಿ ಒಬ್ಬ ಹೆಂಗಸು ಬಿಕ್ಕಿದಳು. "ಅಯ್ಯೋ ದೇವರೇ, ಹೇಳೋಕೂ ಆಗ್ತಿಲ್ಲ ಅಂದ್ರೆ ಇನ್ನೇನು ಮಾಡಿರಬೇಕು!" ಸರಿಯಾಗಿ ಅದೇ ಗಳಿಗೆಗೆ ಡಾರ್ಕಸಳಿಗೆ ಕೆಮ್ಮು ಹತ್ತಿತು, ಮೈಯೆಲ್ಲ ಅಲುಗುವಂತೆ.

"ಹಿಮದಲ್ಲಿ ಹೊರಗೆ ತಳ್ಳಿದಾನೆ, ಪಾಪಿ!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಮಂಡಿಯುದ್ದ ಹಿಮ!"

"ಬರಿಗಾಲಲ್ಲಿ!"

"ಅದೂ ಬಸುರಿಯನ್ನ!" ಎಂದಳು ಮಕ್ಕಳಿಲ್ಲದ ಆ ದಂಪತಿಗಳ ಪಕ್ಕದ ಮನೆಯವಳೇ, ಕಣ್ಣೊರೆಸಿಕೊಳ್ಳುತ್ತ.

ಥರ್ಸ್ಟನ್ನರು ಮೊದಲ ಕರವಸ್ತ್ರ ಮುಗಿಸಿ ಎರಡನೆಯದಕ್ಕೆ ಕೈಹಾಕಿದ್ದರು. ಡಾರ್ಕಸ್ ಮುಂದಿನ ಬೆಂಚನ್ನು ಹಿಡಿದು ಎದ್ದುನಿಂತಳು.

"ನಿಲ್ಸಿ. ಈ ಮನುಷ್ಯ ಜನ್ಮದಲ್ಲಿ ಕುಡಿದಿಲ್ಲ. ನನ್ನ ಮೈಗೆ ಕೈ ಹಚ್ಚಿಲ್ಲ. ಹಿಮಾನೂ ಇಲ್ಲ, ಗಿಮಾನೂ ಇಲ್ಲ. ಈ ಕೆಮ್ಮು ಕೊಟ್ಟಿದ್ದು ನಿಮ್ಮ ಹಿಂಜೋ ಕೋಣೆ, ಧಣಿಗಳೇ. ನಂಬಿಕೆ ಇಲ್ದಿದ್ರೆ ಒಂದು ದಿನ ಬಂದು ಅಲ್ಲಿ ನಿಂತ್ಕೊಂಡು ನೋಡಿ."

ಎಲ್ಲ ಮುಗಿಯಿತೆಂದುಕೊಂಡ ಜೋತಮನಿಗೆ, ವಿಚಿತ್ರವೆಂದರೆ, ಎದೆ ಹಗುರಾಯಿತು. ಆಗ ಕಾರ್ಯದರ್ಶಿ ಲೆವೆಟ್ ಕಂಪಿಸುವ ದನಿಯಲ್ಲಿ, "ಕೇಳಿದ್ರಾ, ಮಹಾಜನಗಳೇ? ಇಷ್ಟಾದ್ರೂ ಗಂಡನ್ನ ಬಿಟ್ಟುಕೊಡ್ತಿಲ್ಲ!" ಎಂದರು.

ಸಭಾಮಂದಿರ ಒಟ್ಟಾಗಿ ಅತ್ತಿತು. ಥರ್ಸ್ಟನ್ನರು ಸಾಲುಗಳ ನಡುವೆ ದಾರಿ ಮಾಡಿಕೊಂಡು ಬಂದು ಡಾರ್ಕಸಳ ಎರಡೂ ಕೈಗಳನ್ನು ಹಿಡಿದುಕೊಂಡರು. "ತಾಯೀ, ಗಂಡನ ಮಾನ ಉಳಿಸೋಕೆ ಗಿರಣಿ ಮೇಲೆ ತಪ್ಪು ಹೊರಿಸ್ತಿದ್ದೀರಿ. ಹೊರಿಸಿ. ಗಿರಣಿ ಹೊತ್ಕೊಳತ್ತೆ."

"ಧಣಿಗಳೇ, ನಾನು ಹೇಳ್ತಿರೋದು..."

"ಗೊತ್ತು ತಾಯೀ, ಗೊತ್ತು. ಮಾತಾಡ್ಬೇಡಿ, ಆಯಾಸ ಆಗತ್ತೆ."

ಜೋತಮನಿಗೆ ಕೆಲಸ ಸಿಕ್ಕಿತು. ಆ ಶುಕ್ರವಾರವೇ ಗಂಡ ಹೆಂಡತಿ ಗುಡ್ಡದ ಮೇಲಿನ ಮನೆಗೆ ಸಾಮಾನು ಸಾಗಿಸಿದರು. ಮೊದಲ ವಾರವೇ ಸಂಘದ ಮಹಿಳಾ ಸಮಿತಿಯವರು ಡಾರ್ಕಸಳ ಮೈಮೇಲೆ ಬಾಸುಂಡೆ ಇವೆಯೇ ಎಂದು ಪರೀಕ್ಷಿಸಲು ಬಂದರು. ಇಲ್ಲವೆಂದು ಖಚಿತವಾದಾಗ ಅವರ ಮುಖದಲ್ಲಿ ಸಮಾಧಾನಕ್ಕೆ ಬದಲು ಅನುಮಾನ ಕಾಣಿಸಿತು. ಅಂದಿನಿಂದ ಪ್ರತಿ ಗುರುವಾರ ಬಂದರು. ಬರುವಾಗಲೆಲ್ಲ ಒಂದು ಡಬ್ಬಿ ಮುಲಾಮು ತಂದರು. ಜೋತಮ್ ಅದನ್ನು ತನ್ನ ಮಂಡಿನೋವಿಗೆ ಹಚ್ಚಿಕೊಂಡ, ಗುಣವಿತ್ತು. ಒಮ್ಮೆ ಅಡಿಗೆಮನೆಯಲ್ಲಿ ಬಾಣಲೆ ಕೈಜಾರಿ ಬಿದ್ದ ಸದ್ದಿಗೆ ಮೂರು ಮನೆಯವರು ಓಡಿಬಂದ ಮೇಲೆ, ಅವನು ತನ್ನ ಮನೆಯೊಳಗೆ ಕಳ್ಳನಂತೆ ಹೆಜ್ಜೆ ಇಡುವುದನ್ನು ಕಲಿತ.

ಕೆಮ್ಮು ಮಾರ್ಚ್‌ನಲ್ಲಿ ಸಡಿಲಿತು. ಮೇ ತಿಂಗಳ ಹೊತ್ತಿಗೆ ಡಾರ್ಕಸ್ ಒಂದು ಮಾತನ್ನು ಶುರುಮಾಡಿ ಕೊನೆ ಮುಟ್ಟಿಸುವಷ್ಟಾದಳು. ಮೂರು ವರ್ಷ ಅರ್ಧಕ್ಕೇ ನಿಂತಿದ್ದ ಮಾತುಗಳನ್ನೆಲ್ಲ ಅವಳು ಆ ಬೇಸಿಗೆಯಲ್ಲಿ ಪೂರ್ತಿ ಮಾಡಿದಳು. ಹೆಚ್ಚಿನವು ಜೋತಮನ ಕುರಿತೇ ಇದ್ದವು. ಅವನು ಒಂದನ್ನೂ ಬಿಡದೆ ಸಂತೋಷದಿಂದ ಬೈಸಿಕೊಂಡ. ಹಿಂಜುವ ಕೋಣೆಯ ಕಿಟಕಿಗಳ ಮೊಳೆ ಕೀಳಿಸಬೇಕೆಂದು ಅವಳು ಥರ್ಸ್ಟನ್ನರ ಬಳಿಗೆ ನಾಲ್ಕು ಸಲ ಹೋದಳು. ನಾಲ್ಕು ಸಲವೂ ಅವರು ಕಣ್ಣು ತುಂಬಿಕೊಂಡು ಕೇಳಿದರು. ಕಿಟಕಿಗಳು ಇದ್ದಂತೆಯೇ ಇದ್ದವು.

ಮರುವರ್ಷ ಫೆಬ್ರವರಿಯಲ್ಲಿ ಸಂಘದ ವಾರ್ಷಿಕ ಸಭೆ. ಡಾರ್ಕಸ್ ಮಾತನಾಡಲೇಬೇಕೆಂದು ಲೆವೆಟ್ ಪಟ್ಟು ಹಿಡಿದರು. ಅವಳು ವೇದಿಕೆ ಹತ್ತಿ ಹಿಂದಿನ ವರ್ಷ ಹೇಳಿದ್ದನ್ನೇ ಹೇಳಿದಳು: ಗಂಡ ಕುಡಿದಿಲ್ಲ, ಹೊಡೆದಿಲ್ಲ, ಹತ್ತಿಯ ಧೂಳು. ಈ ಸಲ ದನಿ ಸ್ವಚ್ಛವಾಗಿತ್ತು, ಉಸಿರು ಎಲ್ಲಿಯೂ ಕತ್ತರಿಸಲಿಲ್ಲ. ಜನ ಕಾದರು. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು. ಕೆಮ್ಮು ಬರಲಿಲ್ಲ.

"ಒಂದು ಸಲ ಕೆಮ್ಮಿ ತಾಯೀ," ಎಂದು ಮುಂದಿನ ಸಾಲಿನ ಮುದುಕರೊಬ್ಬರು ಬೇಡಿಕೊಂಡರು. "ನಮ್ಮ ಹುಡುಗಿ ದೂರದ ಪಾಟಕೆಟ್‌ನಿಂದ ಇದಕ್ಕೇ ಅಂತ ಬಂದಿದಾಳೆ."

ಡಾರ್ಕಸ್ ಕೆಮ್ಮಲಿಲ್ಲ. ಆ ನಿರಾಶೆಯ ಮೌನದಲ್ಲಿ ಜೋತಮ್ ಒಬ್ಬನೇ ಕಣ್ಣು ಮುಚ್ಚಿ ಕೂತಿದ್ದ. ಸದ್ದಿನಲ್ಲಿ ಬಾಳು ಕಳೆದ ಅವನು ಅಷ್ಟು ಒಳ್ಳೆಯ ನಿಶ್ಶಬ್ದವನ್ನು ಹಿಂದೆಂದೂ ಕೇಳಿರಲಿಲ್ಲ.

ಆಗ ಬಾಗಿಲ ಬಳಿಯ ಬೆಂಚಿನಿಂದ ಬೇರೊಂದು ಕೆಮ್ಮು ಕೇಳಿತು. ಡಾರ್ಕಸ್ ಬಿಟ್ಟ ಜಾಗಕ್ಕೆ ಹಿಂಜುವ ಕೋಣೆ ಸೇರಿದ್ದ ಅಲ್ಮೈರಾ ಟಟ್ಲ್ ಬಾಯಿಗೆ ಶಾಲಿನ ಅಂಚು ಒತ್ತಿಕೊಂಡು ಬಗ್ಗಿದ್ದಳು. ಮುನ್ನೂರು ತಲೆಗಳು ಒಟ್ಟಿಗೆ ತಿರುಗಿದವು. ಅವಳ ಕಡೆಗಲ್ಲ, ಪಕ್ಕದಲ್ಲಿ ಕೂತಿದ್ದ ಅವಳ ಗಂಡನ ಕಡೆಗೆ. ಅವನು ಗಿರಣಿಯ ಉಪಕರಣಗಳಿಗೆ ಸಾಣೆ ಹಿಡಿಯುವವನು. ಹಾಲು, ಚಹಾ ಬಿಟ್ಟರೆ ಬೇರೇನೂ ಮುಟ್ಟದವನು.

"ನಾ... ನಾನೇನೂ ಮಾಡಿಲ್ಲ," ಎಂದ ಅವನು, ಬಿಳಿಚಿಕೊಂಡು.

ಬಟ್ಟೆಗೆ ಬಣ್ಣ ಹಾಕುವ ಕೋಣೆಯ ಮೇಲ್ವಿಚಾರಕನ ಜಾಗ ಆ ತಿಂಗಳು ಖಾಲಿಯಿದೆಯೆಂಬುದು ಡಾರ್ಕಸಳಿಗೆ ಗೊತ್ತಿತ್ತು. ಅವಳು ವೇದಿಕೆಯಿಂದ ಇಳಿದು, ಲಂಗದ ಅಂಚನ್ನು ಎತ್ತಿ ಹಿಡಿದು, ನೇರ ಆ ಬೆಂಚಿನವರೆಗೆ ನಡೆದು, ಅಲ್ಮೈರಾಳ ಬೆನ್ನ ಮೇಲೆ ಕೈಯಿಟ್ಟು ಅವಳ ಗಂಡನ ಕಿವಿಗೆ ಬಗ್ಗಿದಳು.

"ಹೋಗಿ, ಮೇಲೆ ನಿಂತ್ಕೊಳ್ಳಿ. ಈಗ ಹೇಳಿದ್ದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳಿ. ಮಿಕ್ಕಿದ್ದು ಅವರೇ ನೋಡ್ಕೋತಾರೆ."