ಮೂರು ಸಿಸ್ಟಮ್ಮು, ಒಂದು ಹೆಚ್ಚಾದ ಡಬ್ಬಿ

ಅತ್ತಿ ಕೈಲೆ ನಾನು ಬೈಸ್ಕೊಂಡಷ್ಟು ಈ ಹೈದರಾಬಾದಿನ್ಯಾಗ ಯಾವ ಅಳಿಯನೂ ಬೈಸ್ಕೊಂಡಿಲ್ಲ. ಎದಿ ತಟ್ಟಿ ಹೇಳ್ತೀನಿ. ಆಕಿ ಮೂಗಿಗೇರಸೂ ತಪಕೀರು ಡಬ್ಬ್ಯಾಗ ಮೆಣಸಿನ ಪುಡಿ ಕಲಿಸಿದಾವ ನಾನೇ. ಆಕಿ ಸೀತು ಸೀತು ಬೈಯೂದನ್ನ ಮಂಚದ ಕೆಳಗ ಟೇಪ್ ರೆಕಾರ್ಡರ್ ಬಚ್ಚಿಟ್ಟು ಹಿಡಕೊಂಡಾವನೂ ನಾನೇ. "ಅಳಿಯಂದ್ರ, ನಿಮ್ಮ ಬಾಯಾಗ ಮಣ್ಣ ಬೀಳಲಿರಿ!" ಅಂತಿದ್ಲು. ಬೈಗಳದಾಗೂ 'ರಿ' ಬಿಡಲಿಲ್ಲ ಪುಣ್ಯಾತಗಿತ್ತಿ. ಕಡೀಕ ತಾನೂ ನಕ್ಕು, "ಬಾರವ್ವಾ ನನ್ನವ್ವ, ನಿನ್ನ ಗಂಡನ ಆಟ ನೋಡ ಬಾ" ಅಂತ ಮಗಳನ್ನ ಕರೀತಿದ್ಲು.

ಅತ್ತಿ ಹೋಗಿ ಭಾಳ ವರ್ಷ ಆತು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಾಕತ್ತಿತ್ತು. ಎಲ್ಲಾ ಕಂಪ್ಯೂಟರಿಗೆ ಇಳಿಸಿ, ಒಂದು ಹಾರ್ಡ್ ಡಿಸ್ಕಿನ ಡಬ್ಬ್ಯಾಗ ತುಂಬಿ, ಕ್ಯಾಸೆಟ್ ರದ್ದಿಯವಗ ಹಾಕಿದೆ. ಇನ್ನೊಂದು ನಕಲು ಮಾಡಿಟ್ಟಿಯೇನು ಅಂತ ಕೇಳಬ್ಯಾಡ್ರಿ. ಸನತ್‌ನಗರದ ಕಾರ್ಖಾನ್ಯಾಗ ಮೂವತ್ತು ವರ್ಷ ಮಷೀನಿನ ಹೊಟ್ಟಿ ಬಗದಾವ ನಾನು. ನನ್ನ ಮನ್ಯಾಗ ವಸ್ತು ಕೆಡೂದಂದ್ರೇನು?

ನನ್ನ ಹೆಂಡ್ತಿಗೆ ತಾಯಿ ಧ್ವನಿ ಅಂತ ಉಳಿದಿದ್ದು ಆ ಬೈಗಳಷ್ಟೇ. ರೊಟ್ಟಿ ಬಡಿಯೂ ಮುಂದ ಫೋನಿನ್ಯಾಗ ಕೇಳೂವಂಗ ಮಾಡಿಕೊಡ್ರಿ ಅಂತ ಬೆನ್ನು ಹತ್ತಿದ್ಲು. ಹಂಗಂದ್ರ ಮನ್ಯಾಗೊಂದು ಸರ್ವರ್ ಬೇಕು. ಒಂದು ಹಳೇ ಕಂಪ್ಯೂಟರ್ ಮೂಲ್ಯಾಗ ಸದಾ ಚಾಲೂ ಇರತೈತಿ, ಅದರಾಗಿನ ಫೈಲು ಮನ್ಯಾಗಿನ ಫೋನಿಗೆಲ್ಲಾ ಸಿಗತಾವ. "ಮಾಡ್ತೀನಿ ತಡಿ, ದೊಡ್ಡ ದೊಡ್ಡ ಆಫೀಸಿನವ್ರು ಬಂದು ನೋಡಿ ಹೋಗಬೇಕು" ಅಂದೆ.

ದಸರಾ ಮುಂದ ಆಕಿ ಮನಿ ಝಾಡಿಸಾಕತ್ತಿದ್ಲು. ನಾನು ಪೇಟಿಯಿಂದ ಬಂದ ಕೂಡ್ಲೆ, "ರೀ, ನಿಮ್ಮ ಆ ಡಬ್ಬಿ ಹೆಚ್ಚಾತು" ಅಂದ್ಲು, ಮಾರಿ ಸಣ್ಣದು ಮಾಡಿಕೊಂಡು.

ನಮ್ಮ ಮನ್ಯಾಗ ಯಾವುದೂ ಒಡೆಯಂಗಿಲ್ಲ, ಯಾವುದೂ ತೀರಂಗಿಲ್ಲ. ಬಳಿ ಒಡದ್ರ ಬಳಿ ಹೆಚ್ಚಾದ್ವು. ಕುಂಕುಮ ತೀರಿದ್ರ ಕುಂಕುಮ ಹೆಚ್ಚಾತು. ಕೆಟ್ಟ ಮಾತು ಬಾಯಾಗ ಬರಬಾರದು, 'ಇಲ್ಲ' ಅಂತ ಸೈತ ಅನಬಾರದು ಅಂತ ಅತ್ತಿ ಮಗಳಿಗೆ ಕಲಿಸಿದ್ದು. ಇದಕ್ಕ ಆಕೀನ್ನ ಜೀವಮಾನ ಕಾಡಿಸೇನಿ. "ನನ್ನ ತಲ್ಯಾಗಿನ ಕೂದಲ ಹೆಚ್ಚಾಗ್ಯಾವಲೇ" ಅಂತ ಬೋಳು ತಲಿ ತೋರಸ್ತಿದ್ದೆ. ಅಂಥಾ ನಾನು ಅವತ್ತು ತಿಳ್ಕೊಂಡಿದ್ದೇನು? ಡಬ್ಬಿ ತುಂಬೇತಿ ಅಂತ. ಹಾರ್ಡ್ ಡಿಸ್ಕ್ ತುಂಬಿದ್ದು ಹೆಂಡ್ತಿಗೂ ತಿಳೀತದಲ್ಲ, ಯಾರ ಸಹವಾಸ ಅದು ಅಂತ ಮೀಸಿ ಬ್ಯಾರೆ ತಿರುವಿದೆ.

"ಹೆಚ್ಚಾದ್ರ ಆಗವಲ್ಲದ್ಯಾಕ, ನಾನಿಲ್ಲೇನು?" ಅಂದೆ. ಆಕಿ ಮಾರಿ ಅರಳಿತು.

ಮದಲು ಆ ಹಳೇ ಕಂಪ್ಯೂಟರಿನ ಜೋಡಿ ಬಂದಿದ್ದ ಸಿಸ್ಟಮ್ಮಿನ್ಯಾಗ, ಅಂದ್ರ ಕಂಪ್ಯೂಟರ್ ನಡಸೂ ಸಾಫ್ಟವೇರಿನ್ಯಾಗ, ನೋಡಿದೆ. ಡಬ್ಬಿ ಹಚ್ಚಿದೆ. ಟಿಕ್, ಟಿಕ್ ಅಂತು, ಪರದಿ ಮ್ಯಾಲೆ ಏನೂ ಕಾಣಲಿಲ್ಲ. ತಗದು ಹಚ್ಚಿದೆ, ಮತ್ತ ಹಚ್ಚಿದೆ. "ಈ ಸಿಸ್ಟಮ್ ಶೋಕಿಲಾಲ, ಇದಕ್ಕ ಮನಿ ಕೆಲಸ ಆಗೂದಿಲ್ಲ" ಅಂತ ಅಳಿಸಿ ಒಗದೆ.

ಆಮ್ಯಾಲೆ ಲಿನಕ್ಸ್ ಹಾಕಿದೆ. ಚಿತ್ರ ಇಲ್ಲ, ಬಣ್ಣ ಇಲ್ಲ, ಕರೀ ಪರದಿ ಮ್ಯಾಲೆ ಬಿಳೀ ಅಕ್ಷರ. ಹಳೇ ಮಷೀನಿಗೆ ಹಗರ, ಪುಕ್ಕಟ ಬ್ಯಾರೆ. ಟಿಕ್, ಟಿಕ್. ಒಂದು ವಾರ ಮುಂಜಾನೆ ಸಂಜೀಕ ಆಜ್ಞೆ ಟೈಪ್ ಮಾಡಿದೆ. "ಇದು ಭಾಳ ಸೊಕ್ಕಿಂದು" ಅಂತ ಅದನ್ನೂ ತಗದೆ.

ಮೂರನೇದು ಫೈಲು ಕಾಯಾಕಂತಾನೇ ಮಾಡಿದ್ದ ಸಿಸ್ಟಮ್ಮು. ಎರಡು ಡಿಸ್ಕ್ ಹಾಕಿದ್ರ ಎರಡರಾಗೂ ಒಂದೇ ನಕಲು ಬರೀತೈತಿ, ಒಂದು ಸತ್ರೂ ಇನ್ನೊಂದು ಬದುಕತೈತಿ. ಹೊಸಾ ಡಿಸ್ಕ್ ಎರಡು ತಂದೆ. ಹಳೇ ಡಬ್ಬಿ ಹಚ್ಚಿದೆ. ಟಿಕ್, ಟಿಕ್.

ಆಕಿ ಹಿಂದ ನಿಂತು "ಆದೀತೇನ್ರಿ?" ಅಂತಿದ್ಲು. ಒಮ್ಮೆ ನನಗ ಚ್ಯಾಷ್ಟಿ ಸುಮ್ಮಕ ಬಿಡಲಿಲ್ಲ. ಕಿವ್ಯಾಗ ಇಯರ್‌ಫೋನ್ ಇಟ್ಕೊಂಡು, "ಏ, ಬಾ ಇಲ್ಲೆ! ನಿಮ್ಮವ್ವ ಬೈಯಾಕತ್ತಾಳ!" ಅಂತ ಒದರಿದೆ. ಹಿಟ್ಟಿನ ಕೈಲೆ ಓಡಿ ಬಂದ್ಲು, ಕಿವಿಗೆ ಹಚ್ಚಿಕೊಂಡ್ಲು. ಏನೂ ಇಲ್ಲ. "ಥೂ ನಿಮ್ಮ!" ಅಂತ ನಕ್ಕಳು. ಇಯರ್‌ಫೋನಿಗೆ ಜ್ವಾಳದ ಹಿಟ್ಟು ಇನ್ನೂ ಐತಿ.

ಕಡೀಕ, ಕೆಟ್ಟ ಡಿಸ್ಕಿನ್ಯಾಗಿಂದ ಫೈಲು ತಗದು ಕೊಡೂ ಒಂದು ಅಂಗಡಿಗೆ ಇಬ್ಬರೂ ಹೋದ್ವಿ. ಚಷ್ಮಾ ಹಾಕಿದ ಹೆಣಮಗಳು ಡಬ್ಬಿ ಕಿವಿ ಹತ್ರ ಅಲ್ಲಾಡಿಸಿ, "ಚಾಚಾ, ಗಿರಾ ಥಾ ಕ್ಯಾ?" ಅಂದ್ಲು, ಬಿದ್ದಿತ್ತೇನು ಅಂತ.

"ಅರೇ ನೈ ಅಮ್ಮಾ, ಭರ್ ಗಯಾ ಬಸ್" ಅಂದೆ, ಬರೇ ತುಂಬೇತಿ ಅಂತ.

ಹೆಂಡ್ತಿ ನನ್ನ ಮಾರಿ ನೋಡಿದ್ಲು. "ಬಿತ್ತಲ್ರಿ, ಕಪಾಟಿನ ಮ್ಯಾಲಿಂದ. ಅವತ್ತೇ ಹೇಳಿದ್ನೆಲ್ಲ, ಹೆಚ್ಚಾತು ಅಂತ."

ಬಿದ್ದ ಮ್ಯಾಲೆ ಎಷ್ಟು ಸಲ ಚಾಲೂ ಮಾಡೀರಿ ಅಂತ ಆ ಹೆಣಮಗಳು ಕೇಳಿದ್ಲು. ಚಾಲೂ ಮಾಡಿದಾಗೊಮ್ಮೆ ಒಳಗಿನ ಮುಳ್ಳು ತಗಡನ್ನ ಕೆರದೈತಂತ. ಬಿದ್ದ ದಿನಾ ತಂದಿದ್ರ ಒಂದಿಷ್ಟರೆ ಸಿಗ್ತಿತ್ತಂತ. "ಅಬ್ ಕುಛ್ ನೈ, ಚಾಚಾ" ಅಂದ್ಲು, ಇನ್ನ ಏನೂ ಸಿಗೂದಿಲ್ಲ ಅಂತ.

ಆಟೋದಾಗ ಆಕಿ ಒಂದೇ ಮಾತು ಅಂದ್ಲು: "ನೀವು ರಿಪೇರಿ ಮಾಡಾಕತ್ತೀರಿ ಅಂತ ತಿಳಕೊಂಡಿದ್ದೆ."

ಕಾರ್ಖಾನ್ಯಾಗ ಸಾಹೇಬನ ಧ್ವನಿ ತಗದು ಫೋನ್ ಮಾಡಿ ಇಡೀ ಶಿಫ್ಟಿಗೆ ರಜಾ ಕೊಟ್ಟಾವ ನಾನು. ಮನಿಗೆ ಬಂದು ಅತ್ತಿ ಧ್ವನಿ ತಗದೆ. "ಅಳಿಯಂದ್ರ, ನಿಮ್ಮ ಬಾಯಾಗ..."

"ಬ್ಯಾಡ್ರಿ. ಅದು ನಿಮ್ಮ ಧ್ವನಿ" ಅಂದ್ಲು. ಖರೇನೇ ಅಂದ್ಲು. ಅತ್ತಿ ಮಾತು ಹೆಂಗ ಎಳೀತಿದ್ಲು ಅನ್ನೂದು ನನಗೂ ಈಗ ನೆನಪಿಲ್ಲ.

ಮೂರನೇ ಸಿಸ್ಟಮ್ಮು ಮಾತ್ರ ಭಾರಿ ಚಲೋ ಐತಿ. ಒಂದು ದಿನಾ ನಿಂತಿಲ್ಲ, ಒಂದು ತಪ್ಪು ತೋರಿಸಿಲ್ಲ. ಎರಡು ಡಿಸ್ಕಿನ್ಯಾಗೂ ಒಂದೇ ನಕಲು. ಮೊನ್ನೆ ಆಕಿ ಅದರ ಮ್ಯಾಲಿನ ಧೂಳಾ ಒರೆಸಿಕೊಂತ, "ಇದರಾಗ ಏನೈತ್ರಿ ಈಗ?" ಅಂದ್ಲು.

ನಗಸೂಣು ಅಂತ, "ಹೆಚ್ಚಾಗೇತಿ" ಅಂದೆ.

ಒರಸೂ ಅರಬಿ ಕೆಳಗಿಟ್ಲು. "ಏನೂ ಇಲ್ಲ ಅನ್ರಿ" ಅಂದ್ಲು. ನಲವತ್ತು ವರ್ಷದಾಗ ಆಕಿ ಬಾಯಾಗ 'ಇಲ್ಲ' ಅನ್ನೂದನ್ನ ಅವತ್ತೇ ಕೇಳಿದೆ.

"ಏನೂ ಇಲ್ಲ" ಅಂದೆ.