ಮಂಗಳವಾರದ ಹಾಳೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಪಂಚಾಂಗ ನೋಡದೆ ಯಾರೂ ಹೊಸ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಆಗ ನಾವು ಅಮೆರಿಕದಲ್ಲಿ, ಕಾರು ಕಾರ್ಖಾನೆಗಳ ಊರಾದ ವಾರೆನ್‌ನಲ್ಲಿದ್ದೆವು. ಪ್ರತಿ ವರ್ಷ ಮೈಸೂರಿನಿಂದ ಅಜ್ಜ ಅಂಚೆಯಲ್ಲಿ ಪಂಚಾಂಗ ಕಳಿಸುತ್ತಿದ್ದರು. ಆ ವರ್ಷ ಯುಗಾದಿ ಕಳೆದರೂ ಅದು ಬಂದಿರಲಿಲ್ಲ.

ಕಾರು ಕೊಳ್ಳುವವರೇ ಇಲ್ಲದ ಕಾಲ ಅದು. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ಅಪ್ಪಂದಿರು ಹಗಲಲ್ಲೂ ಮನೆಯಲ್ಲೇ ಇರುತ್ತಿದ್ದರು. ನಮ್ಮ ಅಪ್ಪನೂ ಅಷ್ಟೇ. ಕಾರಿನ ಭಾಗಗಳ ನಕ್ಷೆ ಬರೆಯುವ ಅವರ ಕೆಲಸ ಹೋಗಿ ಐದು ತಿಂಗಳಾಗಿತ್ತು.

ಒಂದು ಸೋಮವಾರ ಮಧ್ಯಾಹ್ನ ಫೋನ್ ಬಂತು. ಷಿಕಾಗೊ ಹತ್ತಿರದ ವೆಸ್ಟ್‌ಮಂಟ್‌ನಲ್ಲಿ ಕೆಲಸವಿದೆ, ಬುಧವಾರ ಬೆಳಗ್ಗೆ ಬರದಿದ್ದರೆ ಇನ್ನೊಬ್ಬರಿಗೆ ಕೊಡುತ್ತೇವೆ ಎಂದರು. ಮುನ್ನೂರು ಮೈಲಿ ದೂರ. ಮಂಗಳವಾರ ಹೊರಡಲೇಬೇಕು.

ಒಗ್ಗರಣೆ ಹಾಕುತ್ತಿದ್ದ ಅಮ್ಮ ಸೌಟು ಕೆಳಗಿಟ್ಟರು. "ಮಂಗಳವಾರಾನಾ? ಪಂಚಾಂಗ ಬೇರೆ ಬಂದಿಲ್ಲ. ಹೋದ ಕೆಲಸಕ್ಕೂ ಮಂಗಳವಾರಾನೇ ಸೇರಿದ್ರಿ. ಉಳೀತಾ? ನಾನಂತೂ ಕಳಿಸಲ್ಲ."

ಸಾಸಿವೆ ಸೀದ ವಾಸನೆ ಬಂತು. ಅಪ್ಪ ಒಲೆ ಆರಿಸಿದರು.

ಅಕ್ಕನಿಗೆ ಆಗ ಹನ್ನೆರಡು ವರ್ಷ. ಅಪ್ಪನ ದೊಡ್ಡ ಬೂಟಿನೊಳಗೆ ಕಾಲು ತೂರಿಸಿ, ಅರ್ಧ ಕರಗಿದ ಹಿಮ ತುಳಿಯುತ್ತಾ ಪಕ್ಕದ ಮನೆಯ ಚೀನೀ ಆಂಟಿಯ ಹತ್ತಿರ ಓಡಿದಳು. ಆಂಟಿಯ ಅಡುಗೆಮನೆಯಲ್ಲಿ ದಪ್ಪನೆಯ ಕ್ಯಾಲೆಂಡರ್ ಇತ್ತು. ದಿನಕ್ಕೊಂದು ಹಾಳೆ. ಆ ದಿನ ಏನು ಮಾಡಿದರೆ ಒಳ್ಳೆಯದು, ಏನು ಮಾಡಬಾರದು ಎಂದು ಅದರಲ್ಲಿ ಬರೆದಿರುತ್ತಿತ್ತು.

ಬಹಳ ಹೊತ್ತಿನ ಮೇಲೆ ಅಕ್ಕ ಬಂದಳು. ಕೈಯಲ್ಲಿ ತೆಳ್ಳನೆಯ ಒಂದು ಹಾಳೆ. ನಡುವೆ ದೊಡ್ಡ ಅಂಕಿ, ಸುತ್ತ ನಮಗ್ಯಾರಿಗೂ ಓದಲು ಬಾರದ ಅಕ್ಷರಗಳು.

"ಅವರೂ ಚಂದ್ರನ್ನ ನೋಡೇ ದಿನ ಇಡೋದು ಅಮ್ಮಾ. ಆಂಟಿ ಓದಿ ಹೇಳಿದ್ರು. ನಾಳೆ ಪ್ರಯಾಣಕ್ಕೆ ತುಂಬ ಒಳ್ಳೇದಂತೆ. ಕೂದಲು ಮಾತ್ರ ಕತ್ತರಿಸಬಾರದಂತೆ."

ಅಮ್ಮನ ಮುಖ ಅರಳಿತು. "ನೋಡಿದ್ರಾ! ಮಂಗಳವಾರ ಕ್ಷೌರ ಬೇಡ ಅನ್ನೋದು ಅವರಿಗೂ ಗೊತ್ತು. ಹಾಗಾದ್ರೆ ಅದು ಸರಿಯಾದ ಪಂಚಾಂಗಾನೇ."

ಅಪ್ಪ ಕಿವಿ ಮುಚ್ಚಿದ್ದ ಕೂದಲು ಮುಟ್ಟಿಕೊಂಡರು. "ಹೊಸ ಕೆಲಸಕ್ಕೆ ಕರಡಿ ಥರ ಹೋಗ್ಲಾ?"

"ಹೋಗಿ. ಕರಡಿಗೂ ಹೊಟ್ಟೆ ಇದೆ."

ಮರುದಿನ ಅಮ್ಮ ಆ ಹಾಳೆಗೆ ಕುಂಕುಮವಿಟ್ಟು ದೇವರ ಮುಂದಿಟ್ಟರು. ಅಪ್ಪನ ಕೈಗೆ ಮೊಸರು ಸಕ್ಕರೆ ಹಾಕಿ ಕಳಿಸಿದರು. ಆ ಕೆಲಸ ಹತ್ತೊಂಬತ್ತು ವರ್ಷ ನಮ್ಮನ್ನು ಸಾಕಿತು.

ಅಕ್ಕ ತೀರಿಕೊಂಡು ಎರಡು ತಿಂಗಳಾಯಿತು. ಹೋದ ವಾರ ಪ್ಲೇನ್‌ಫೀಲ್ಡ್‌ನ ಅವಳ ಮನೆಯಲ್ಲಿ ಸೀರೆಗಳನ್ನು ಮಡಚಿಡುವಾಗ ಒಂದರ ಮಡಿಕೆಯಲ್ಲಿ ಆ ಹಾಳೆ ಸಿಕ್ಕಿತು. ಕುಂಕುಮದ ಗುರುತು ಇನ್ನೂ ಇತ್ತು. ಮೊಮ್ಮಗಳು ಅದರ ಮೇಲೆ ಫೋನ್ ಹಿಡಿದಳು. ಅಕ್ಷರಗಳೆಲ್ಲ ಇಂಗ್ಲಿಷ್ ಆದವು.

"ತಾತ, ಹೇರ್‌ಕಟ್ ಈಸ್ ಗುಡ್. ಬಟ್ ನೋ ಟ್ರಾವೆಲ್!"

ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದಳು. ನನಗೆ ಮೊದಲು ನಗು ಬಂತು. ಮಂಗಳವಾರದ ಕ್ಷೌರದ ಮಾತು ಚೀನೀ ಆಂಟಿಗೆ ಗೊತ್ತಿರಲಿಲ್ಲ. ಅಮ್ಮ ಯಾವ ಮಾತಿಗೆ ಒಪ್ಪುತ್ತಾರೆಂದು ಗೊತ್ತಿದ್ದದ್ದು ಅಕ್ಕನಿಗೆ. ಐವತ್ತು ವರ್ಷ ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಮಕ್ಕಳೇ, ನಿಮ್ಮ ಫೋನು ಯಾವ ಭಾಷೆಯನ್ನಾದರೂ ಇದ್ದದ್ದು ಇದ್ದ ಹಾಗೆ ಓದಿ ಹೇಳುತ್ತದೆ. ಪುಣ್ಯಕ್ಕೆ ಅಂದು ನಮ್ಮ ಮನೆಯಲ್ಲಿ ಅದು ಇರಲಿಲ್ಲ. ಅಕ್ಕ ಇದ್ದಳು.